ಒಡೆಯದೆ ಇಟ್ಟ ಹೆಸರು

ನಮ್ಮ ಮಾವನವರಿಗೆ ಇನ್ನೂರಕ್ಕೂ ಹೆಚ್ಚು ರೋಗಗಳಿವೆ. ಗಾಬರಿಯಾಗಬೇಡಿ, ಮೈಯಲ್ಲಲ್ಲ, ಡೈರಿಯಲ್ಲಿ! ಮೈಗೆ ಬಂದರೆ ಎಪ್ಪತ್ತು ವರ್ಷದವರೆಗೆ ಒಂದು ನೆಗಡಿಯನ್ನೂ ಅವರು ಹತ್ತಿರ ಬಿಟ್ಟುಕೊಂಡವರಲ್ಲ. ನನ್ನ ಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ. ನನ್ನ ಮೈಯಲ್ಲಿ ಖಾಯಂ ನಾಲ್ಕು ರೋಗಗಳು ಬಿಡಾರ ಹೂಡಿವೆ. ಅವುಗಳಲ್ಲಿ ಒಂದರ ಹೆಸರನ್ನೂ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ಇದರಲ್ಲಿ ನಾಚಿಕೆಪಡುವುದೇನು ಬಂತು ಎನ್ನುತ್ತೀರಾ? ಬಂತು ಸ್ವಾಮಿ, ಬಂತು. ನಾನು ಕರ್ಜಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಇಂಗ್ಲಿಷ್ ಮಾಸ್ತರ!

ಮಾವನವರೆಂದರೆ ನನ್ನ ಹೆಂಡತಿಯ ತಂದೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿಯ ಮಾಲು ನೋಡುವ ಕೆಲಸ ಮಾಡಿದವರು. ಮಾಲು ನೋಡುವುದೆಂದರೆ ಚೀಲದ ಬಾಯಿಗೆ ಇಣುಕಿ ತಲೆಯಾಡಿಸುವುದಲ್ಲ. ಮೊಣಕೈತನಕ ಕೈ ಇಳಿಸಬೇಕು, ತಳದಿಂದ ಒಂದು ಹಿಡಿ ಮೇಲೆತ್ತಬೇಕು, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜದ ಸದ್ದು ಕೇಳಬೇಕು, ತೊಟ್ಟು ಮುರಿಯಬೇಕು, ಸೀಳಬೇಕು, ಮೂಸಬೇಕು. ಆಮೇಲಷ್ಟೇ ಇದು ಕಡ್ಡಿ ತಳಿಯೋ ಡಬ್ಬಿ ತಳಿಯೋ, ಈ ವರ್ಷದ್ದೋ ಹೋದ ವರ್ಷದ್ದೋ, ಒಂದೇ ಹೊಲದ್ದೋ ನಾಲ್ಕು ಹೊಲದ್ದನ್ನು ಕೂಡಿಸಿದ್ದೋ ಎಂದು ಹೇಳಬೇಕು. ಮಾವನವರು ಹೇಳಿದರೆ ಮುಗಿಯಿತು, ಅದಕ್ಕೆ ಎದುರು ಮಾತು ಇರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನೇಕೆ ಬರೆಯುತ್ತಿದ್ದೆ? ಅವರು ಇದೇ ಕೆಲಸವನ್ನು ರೋಗದ ಹೆಸರುಗಳ ಮೇಲೂ ಮಾಡುತ್ತಾರೆ! ಡಾಕ್ಟರು ಯಾರಿಗೇ ಯಾವುದೇ ಹೆಸರು ಬರೆದುಕೊಡಲಿ, ಮಾವನವರು ಅದನ್ನು ಮೊದಲು ಬಾಯಿಯಲ್ಲಿ ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ ತುಂಡು ತುಂಡು ಮಾಡುತ್ತಾರೆ. ಕೊನೆಗೆ ಪ್ರತಿ ತುಂಡಿನ ಅರ್ಥವನ್ನು ರಾಣೆಬೆನ್ನೂರಿನ ಯಾವುದೋ ಬೀಜದ ಕಂಪನಿ ಪುಕ್ಕಟೆ ಕೊಟ್ಟ ಡೈರಿಯಲ್ಲಿ ಬರೆದಿಡುತ್ತಾರೆ. ಓದಿದ್ದು ಏಳನೇ ಇಯತ್ತೆಯವರೆಗೆ. ಆದರೆ ಮುಚ್ಚಿಹೋದ ಔಷಧಿ ಅಂಗಡಿಯೊಂದರ ಕಂಪೌಂಡರ್ ಕೊಟ್ಟ ಹಳೆಯ ವೈದ್ಯ ನಿಘಂಟು ಒಂದಿದೆ. ಇಂಗ್ಲಿಷ್ ಶಬ್ದ, ಗ್ರೀಕ್ ಮೂಲ, ಕನ್ನಡ ಅರ್ಥ, ಮೂರೂ ಉಂಟು.

ಆ ನಿಘಂಟಿಗೆ ಎರಡು ಊನಗಳಿವೆ. ಒಂದು, ಇಂಗ್ಲಿಷಿನ 'ಸಿ' ಅಕ್ಷರದ ಪುಟಗಳನ್ನು ಇಲಿ ತಿಂದುಹಾಕಿದೆ. ಎರಡನೆಯದು ವಿಚಿತ್ರವಾದದ್ದು: 'ಇ' ಅಕ್ಷರದ ಅಷ್ಟೂ ಪುಟಗಳನ್ನು ಮಾವನವರೇ ಚೀಲ ಹೊಲಿಯುವ ದಬ್ಬಳ, ಸುತಳಿ ತೆಗೆದುಕೊಂಡು ಸುತ್ತಲೂ ಹೊಲಿದುಬಿಟ್ಟಿದ್ದಾರೆ! ಯಾಕೆಂದು ಒಮ್ಮೆ ಕೇಳಿದೆ. "ಆ ಮಾಲು ತೆರಿಯೂ ಹಂಗಿಲ್ರಿ" ಎಂದು ನಿಘಂಟನ್ನು ಕಪಾಟಿನಲ್ಲಿಟ್ಟರು. ನಾನು ಸುಮ್ಮನಿರುವ ಗಿರಾಕಿಯೇ? 'ಇ' ಅಕ್ಷರದ ರೋಗಗಳು ಬ್ಯಾಡಗಿ ಪೇಟೆಯಲ್ಲಿ ಹರಡದಂತೆ ನಮ್ಮ ಮಾವನವರು ಹೊಲಿಗೆ ಹಾಕಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಹೇಳಿ ಒಂದು ವಾರ ಎಲ್ಲರನ್ನೂ ನಗಿಸಿದೆ.

ಅವರ ಪರೀಕ್ಷೆಗೆ ನಾನು ಮೊದಲು ಕುಳಿತದ್ದು ಹೆಣ್ಣು ನೋಡಲು ಹೋದ ದಿನ. ಬ್ಯಾಡಗಿ ಬಸ್‌ ಸ್ಟ್ಯಾಂಡಿನಲ್ಲಿ ಇಳಿದದ್ದೇ ಮೆಣಸಿನಕಾಯಿಯ ಘಾಟಿಗೆ ನನಗೆ ಸೀನು ಹತ್ತಿತ್ತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ ನಾನು ಹದಿನಾಲ್ಕನೆಯ ಸೀನಿನಲ್ಲಿದ್ದೆ, ಮುಖ ಕಾಣಲೇ ಇಲ್ಲ! ಸಂಬಳ, ಹೊಲ, ಮನೆ ವಿಚಾರಿಸುತ್ತಾರೆಂದು ನಮ್ಮಪ್ಪ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದರು. ಮಾವನವರು ಒಂದು ಚೀಟಿ ಮುಂದಿಟ್ಟರು. ಅದರ ಮೇಲೆ 'ಹೈಪರ್‌ಟೆನ್ಶನ್' ಎಂದಿತ್ತು.

"ಓದ್ರಿ."

ಇಷ್ಟೇನಾ ಎಂದುಕೊಂಡು ಗತ್ತಿನಿಂದ ಓದಿದೆ.

"ಒಡೀರಿ."

ಏನನ್ನು ಒಡೆಯಬೇಕೋ ತಿಳಿಯದೆ ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟೆ.

"ಆ ಶಬ್ದ ಒಡೀರಿ ಅಂದೆ. ಎಲ್ಲೀ ಮಾಲು ಅದು?"

"ಇಂ... ಇಂಗ್ಲಿಷಿಂದ್ರಿ."

"ಅಲ್ರಿ! ಹೈಪರ್ ಅಂದ್ರ ಹೆಚ್ಚು, ಅದು ಗ್ರೀಕರ ಕಡೀದು. ಟೆನ್ಶನ್ ಅಂದ್ರ ಬಿಗಿಯೂದು, ಅದು ರೋಮಿನವರ ಕಡೀದು. ಎರಡೂರಿನ ಕಾಯಿ ಕೂಡಿಸಿ ಒಂದ ಚೀಲ ತುಂಬ್ಯಾರ. ಬೆರಕಿ ಮಾಲಿದು!"

ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹಣೆಯಿಂದ ಬೆವರು ಉಪ್ಪಿಟ್ಟಿಗೆ ತೊಟ್ಟಿಕ್ಕಿತು. ಸಂಬಂಧ ಮುರಿಯಿತೆಂದು ನಮ್ಮಪ್ಪ ಎದ್ದೇಬಿಟ್ಟರು. ಆಗ ಮಾವನವರು ಹೇಳಿದರು: "ಕುಂದ್ರಿ ಬೀಗರ. ಹುಡುಗಿ ಒಪ್ಪಿದ್ರ ನಂದೇನೂ ತಕರಾರಿಲ್ಲ. ಹುಡುಗ ಬೆವತಾನ. ಗೊತ್ತಿಲ್ಲದ್ದಕ್ಕ ಬೆವರೂ ಮನಿಷಾ ಸುಳ್ಳು ಹೇಳೂದಿಲ್ಲ."

ನೋಡಿದಿರಾ? ಜನ ವಿದ್ಯೆಯಿಂದ ಹೆಂಡತಿಯನ್ನು ಪಡೆಯುತ್ತಾರೆ, ರೂಪದಿಂದ ಪಡೆಯುತ್ತಾರೆ. ನಾನು ಬೆವರಿನಿಂದ ಪಡೆದೆ.

ಮದುವೆಯಾಗಿ ಹಾವೇರಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಹಾಲು ಉಕ್ಕಿಸುವ ದಿನ ನನ್ನ ಹೆಂಡತಿ ಮೊದಲು ಬಲಗಾಲಿಟ್ಟು ಒಳಗೆ ಬರಬೇಕೆಂದು ಎಲ್ಲರೂ ಕಾದಿದ್ದರೆ ಅವಳು ಹೊಸ್ತಿಲಲ್ಲಿ ನಿಂತು "ನೀವ ಮೊದ್ಲ ಹೋಗ್ರಿ" ಎಂದು ನನ್ನನ್ನು ಹಿಂದಿನಿಂದ ತಳ್ಳಿದಳು. ಬಾಗಿಲು ಗಿಡ್ಡ, ನಾನು ಉದ್ದ. ಹಣೆಗೆ ಬಡಿದದ್ದಕ್ಕೆ ಮೂರು ದಿನ ಅರಿಸಿನ ಹಚ್ಚಿಕೊಂಡೆ. ಎಲ್ಲಿಗೆ ಹೋದರೂ ಅವಳದು ಹೀಗೆಯೇ. ಯಾರದೇ ಹೊಸ ಮನೆಯಿರಲಿ, ಕೂಸಿನ ತೊಟ್ಟಿಲಿರಲಿ, ಹೊಸ ಅಂಗಡಿಯ ಪೂಜೆಯಿರಲಿ, ನನ್ನನ್ನು ಮುಂದೆ ತಳ್ಳಿ ತಾನು ಕೊನೆಗೆ ಬರುತ್ತಾಳೆ. ಈ ಕಾಲದಲ್ಲೂ ಗಂಡನಿಗೆ ಇಷ್ಟು ಮರ್ಯಾದೆ ಕೊಡುವ ಹೆಂಗಸರಿದ್ದಾರೆ ನೋಡಿ ಎಂದು ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಹನ್ನೆರಡು ವರ್ಷ ಓಡಾಡಿದೆ.

ಮಾವನವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಮೊದಲಿನಿಂದಲೂ ಜೀವ ಬಾಯಿಗೆ ಬರುತ್ತದೆ. ಒಮ್ಮೆ ಹಾವೇರಿಯಿಂದ ಬ್ಯಾಡಗಿಗೆ ಹೊರಟಿದ್ದೆವು. ಪಕ್ಕದ ಸೀಟಿನ ಹಿರಿಯರೊಬ್ಬರು "ನನಗ ಶುಗರ್ ಐತ್ರಿ" ಎಂದುಬಿಟ್ಟರು. ಪಾಪ, ಅವರಿಗೇನು ಗೊತ್ತು!

"ಶುಗರ್ ಕಿರಾಣಿ ಅಂಗಡ್ಯಾಗ ಇರತೈತ್ರಿ. ನಿಮಗಿರೂದು ಡಯಾಬಿಟೀಸ್. ಹೇಳ್ರಿ, ಡ-ಯಾ-ಬಿ-ಟೀಸ್."

"ಡ-ಯಾ... ಅಲ್ರಿ ಯಜಮಾನ್ರ, ನನಗ ಸ್ವಲ್ಪ..."

"ಮೊದ್ಲ ಪೂರ್ತಿ ಹೇಳ್ರಿ. ಡಯಾ ಅಂದ್ರ ಹಾಯ್ದು. ಬಿಟೀಸ್ ಅಂದ್ರ ಹೋಗೂದು. ಕುಡದ ನೀರು ಮೈಯಾಗ ನಿಲ್ಲಂಗಿಲ್ಲ, ಹಾಯ್ದು ಹೋಕ್ಕೈತಿ. ತಿಳೀತ?"

"ತಿಳದೈತ್ರಿ! ಅದ ಹಾಯ್ದು ಹೋಗಾಕತ್ತೈತ್ರಿ, ಲಗೂ ಬಸ್ ನಿಲ್ಲಸಾಕ ಹೇಳ್ರಿ!"

ಬಸ್ಸು ನಿಂತಿತು. ಹಿರಿಯರು ಬೇಲಿಯ ಮರೆಗೆ ಓಡಿದರು. ಬಸ್ಸಿನಲ್ಲಿದ್ದವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರೆ ನಾನು ಕಿಟಕಿಯ ಹೊರಗಿನ ಗೋವಿನಜೋಳವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ನನಗೆ ಅರ್ಧ ತಲೆ ಸಿಡಿಯಲು ಶುರುವಾಗಿತ್ತು. ಮೈಗ್ರೇನ್ ಬಂತೆಂದು ಗೊಣಗಿದೆ. ಅಲ್ಲಿಗೂ ಬಿಡಲಿಲ್ಲ ಪುಣ್ಯಾತ್ಮರು!

"ಅದು ಮೊದ್ಲ ಹೆಮಿಕ್ರೇನಿಯಾ ಇತ್ರಿ ಮಾಸ್ತರ. ಹೆಮಿ ಅಂದ್ರ ಅರ್ಧ, ಕ್ರೇನಿಯಾ ಅಂದ್ರ ತಲಿಬುರುಡಿ. ಬಾಯಿಂದ ಬಾಯಿಗೆ ಸವದು ಸವದು ಮೈಗ್ರೇನ್ ಆಗೈತಿ. ಅರ್ಧ ತಲಿ ಅಷ್ಟ ನೋಯತಿದ್ರ ಇನ್ನರ್ಧ ಖಾಲಿ ಇರ್ತೈತೆಲ್ಲ, ಅದರಿಂದ ವಿಚಾರ ಮಾಡ್ರಿ!"

ಆ ಇನ್ನರ್ಧದಿಂದ ನಾನು ವಿಚಾರ ಮಾಡಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ.

ಹೋದ ವರ್ಷ ಮೇಡ್ಲೇರಿಯಲ್ಲಿ ನಮ್ಮ ನೆಂಟರ ಮದುವೆ. ಮಾವನವರು ತುಪ್ಪ ಸುರಿದುಕೊಂಡು ಐದು ಹೋಳಿಗೆ ಹೊಡೆದು, ಕೈ ತೊಳೆಯಲು ಎದ್ದವರು ಅಲ್ಲೇ ಹೊಟ್ಟೆ ಹಿಡಿದುಕೊಂಡು ಕುಳಿತರು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ನೋವು ಕಂಡೆ. ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲು, ಊತವೂ ಇದೆ, ಆಪರೇಶನ್ ಆಗಲೇಬೇಕು ಎಂದರು ಡಾಕ್ಟರಮ್ಮ. ತುರ್ತಾಗಿ ಬೇರೆ ರೋಗಿ ಬಂದದ್ದರಿಂದ ಮುಂದಿನ ವಾರ ಬನ್ನಿ ಎಂದು ಚೀಟಿ ಬರೆದುಕೊಟ್ಟು ಎದ್ದು ಹೋದರು.

ಮಾವನವರಿಗೆ ನೋವಿಗಿಂತ ಅವಮಾನ ಹೆಚ್ಚಾಗಿತ್ತು. "ನಲವತ್ತು ವರ್ಷ ಒಂದ ಚೀಲದಾಗ ಒಂದ ಹರಳು ಬರಾಕ ಬಿಟ್ಟಾಂವ ಅಲ್ಲ ನಾ! ನನ್ನ ಚೀಲದಾಗ ಕಲ್ಲು ಅಂತಾರಲ್ಲ!" ಎಂದು ದಾರಿಯುದ್ದಕ್ಕೂ ಗೊಣಗಿದರು. ಮನೆಗೆ ಬಂದವರೇ ಚೀಟಿಯನ್ನು ನನ್ನ ಮುಂದೆ ಹಿಡಿದರು. 'ಕೋಲಿಸಿಸ್ಟೆಕ್ಟಮಿ' ಎಂದಿತ್ತು. ಆದರೆ ಅದು ಹಾಗೆ ಓದುವ ಶಬ್ದವೆಂದು ನನಗೆ ಆಗ ಗೊತ್ತಿದ್ದರಲ್ಲವೇ? ನಾನು "ಚೋಲೆ..." ಎಂದು ಶುರುಮಾಡಿ, ಕೆಮ್ಮಿ, ನೀರು ಕುಡಿದೆ.

"ಒಡದು ಹೇಳ್ರಿ ಮಾಸ್ತರ. ನನ್ನ ಬುಕ್ಕಿನಾಗ 'ಸಿ' ಇಲಿ ತಿಂದೈತಿ. ಕಡೀ ತುಂಡು 'ಇ'ದಾಗ ಬರತೈತಿ, ಅದು ಹೊಲದೈತಿ. ನೀವ ಗತಿ. ಇದು ಏನಂತ ಗೊತ್ತಾಗದ ನಾ ಟೇಬಲ್ ಏರೂದಿಲ್ಲ."

ಗೊತ್ತಿಲ್ಲ ಎನ್ನಬಹುದಿತ್ತು. ಮೂರೇ ಅಕ್ಷರದ ಮಾತು. ಆದರೆ ಹನ್ನೆರಡು ವರ್ಷದಿಂದ ಈ ಮನುಷ್ಯನ ಎದುರು ಸೋತು ಸೋತು ಸಾಕಾಗಿತ್ತು. ಮೊಟ್ಟಮೊದಲ ಸಲ ಅವರು ನನ್ನ ಹತ್ತಿರ ಕೇಳುತ್ತಿದ್ದಾರೆ, ಅದೂ ನನ್ನ ಹೆಂಡತಿಯ ಎದುರಿಗೆ! ಗಂಟಲು ಸರಿಮಾಡಿಕೊಂಡು ಹೇಳಿದೆ: "ಚೋಲೆ ಅಂದ್ರ ಪಿತ್ತ, ಸಿಸ್ಟ್ ಅಂದ್ರ ಚೀಲ..." ಅದೇನೋ ಅದೃಷ್ಟಕ್ಕೆ ಉಚ್ಚಾರ ಬಿಟ್ಟು ಇಷ್ಟು ಸರಿಯಾಗಿತ್ತು. ಸ್ಕ್ಯಾನ್ ನೋಡಿ ಊಹಿಸಿದ್ದೆ. "ಎಕ್ಟಮಿ ಅಂದ್ರ ತೊಳಿಯೂದು. ಕಲ್ಲು ತಗದು ಚೀಲ ತೊಳದು ಹಾಕ್ತಾರ, ಅಷ್ಟರಿ ಮಾವಾರ."

"ಚೀಲ ಉಳಿತೈತಿ?"

"ಉಳೀದ ಎಲ್ಲಿ ಹೋಕ್ಕೈತ್ರಿ!"

ಒಂದು ಹನಿ ಬೆವರಿಲ್ಲ. ಮಾವನವರು ಖುಷಿಯಿಂದ ಡೈರಿಯಲ್ಲಿ ಬರೆದುಕೊಂಡು ನನ್ನ ಹೆಸರನ್ನೂ ಕೆಳಗೆ ಬರೆದರು. ಆ ಡೈರಿಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಮುಂದಿನ ವಾರ ಆಸ್ಪತ್ರೆಯಲ್ಲಿ ಅವರಿಗೆ ಹಸಿರು ಗೌನು ತೊಡಿಸಿ ಮಲಗಿಸಿದರು. ಡಾಕ್ಟರಮ್ಮ ಬಂದು ನಗುತ್ತ, "ಹೆದರಬ್ಯಾಡ್ರಿ ಅಜ್ಜಾರ, ಸಣ್ಣ ತೂತು ಮಾಡಿ ಆ ಚೀಲ ತಗದುಬಿಡತೀವಿ. ಅದಿಲ್ದನೂ ಆರಾಮ ಇರಬಹುದು" ಎಂದರು.

ಮಾವನವರು ಮಂಚದಿಂದ ಇಳಿದರು. ಕಾಲಿಗೆ ಚಪ್ಪಲಿ ಹಾಕಿಕೊಂಡರು. ಹೊರಟೇಬಿಟ್ಟರು! ಆ ಗೌನಿಗೆ ಹಿಂದೆ ಎರಡೇ ಲಾಡಿ, ಅದರಲ್ಲೂ ಒಂದು ಕಿತ್ತಿತ್ತು. ಒಂದು ಕೈಯಿಂದ ಹಿಂದಿನ ಮಾನ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಡೈರಿ ಹಿಡಿದು, ತಲೆಯೆತ್ತಿ, ರಾಣೆಬೆನ್ನೂರಿನ ಪೇಟೆಯ ನಡುವೆ ಆ ಮನುಷ್ಯ ನಡೆದುಹೋಗುತ್ತಿದ್ದರೆ ಜನ ದಾರಿ ಬಿಟ್ಟು ನಿಂತರು. ನಾನು ಧೋತರ ಹಿಡಿದುಕೊಂಡು ಹಿಂದೆ ಓಡಿದೆ. ಚಹಾದ ಅಂಗಡಿಯ ಬೆಂಚಿನ ಮೇಲೆ ಸಿಕ್ಕರು.

"ಮಾವಾರ, ಧೋತರರಿ..."

ಧೋತರ ತೆಗೆದುಕೊಂಡು ಉಟ್ಟುಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಹೆಣ್ಣು ನೋಡಾಕ ಬಂದಾಗ ಬೆವತಿದ್ರಿ. ಮೊನ್ನೆ ಬೆವರಲಿಲ್ಲ. ನಾ ಅದನ್ನ ನೋಡಬೇಕಾಗಿತ್ತು. ನಂದ ತಪ್ಪು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ತಮ್ಮದೆಂದರಲ್ಲ, ಅಲ್ಲಿಗೆ ನನ್ನ ಮೈಯೆಲ್ಲ ನೀರಾಯಿತು. ಹದಿನೈದು ವರ್ಷ ಮಕ್ಕಳಿಗೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಸುಳ್ಳು ಬರೆಯಬೇಡಿ ಎಂದು ಬೆತ್ತ ಝಳಪಿಸಿದ ಮಹಾನುಭಾವ ನಾನು!

ಮಾವನವರು ಬ್ಯಾಡಗಿಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಫೋನು ಎತ್ತಲಿಲ್ಲ. ನೋವು ಎರಡು ಸಲ ಮರುಕಳಿಸಿತು. ತಡಮಾಡಿದರೆ ಚೀಲ ಒಡೆಯಬಹುದು, ಆಮೇಲೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಫೋನಿನಲ್ಲಿ ಎಚ್ಚರಿಸಿದರು. ನನ್ನ ಹೆಂಡತಿ ಎರಡು ದಿನ ಅತ್ತು, ಮೂರನೆಯ ದಿನ ಕಣ್ಣೊರೆಸಿಕೊಂಡು ಹೇಳಿದಳು: "ನನಗ ಅವ್ವನ ಮುಖಾನೂ ಗೊತ್ತಿಲ್ಲ. ಇರಾಂವ ಅಪ್ಪ ಒಬ್ಬಾಂವ. ನೀವ ಕೆಡಿಸೀರಿ, ನೀವ ಹೋಗಿ ಖರೇ ಹೇಳ್ರಿ." ಅವಳ ತಾಯಿ ಅವಳನ್ನು ಹೆತ್ತ ದಿನವೇ ತೀರಿಕೊಂಡಿದ್ದರು. ಆ ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಖರೇ ಹೇಳಬೇಕಾದರೆ ಮೊದಲು ಖರೇ ಏನೆಂದು ತಿಳಿಯಬೇಕಲ್ಲ? ರಾಣೆಬೆನ್ನೂರಿಗೆ ಹೋಗಿ, ಚೀಟಿ ಮಾಡಿಸಿ, ರೋಗಿಗಳ ಸಾಲಿನಲ್ಲಿ ಕುಳಿತೆ. ನನ್ನ ಪಾಳಿ ಬಂದಾಗ "ಏನಾಗೇತ್ರಿ?" ಎಂದರು ಡಾಕ್ಟರಮ್ಮ. "ಉಚ್ಚಾರ ಬರೂದಿಲ್ರಿ" ಎಂದೆ. ಆಕೆ ನಾಲಗೆ ಹೊರಗೆ ಚಾಚಲು ಹೇಳಿದರು! ಎಲ್ಲ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹೇಳಿಕೊಟ್ಟರು.

"ಬಾಯಾಗ ಒಡೀವಾಗ ಕೋ-ಲಿ-ಸಿಸ್-ಟೆಕ್-ಟ-ಮಿ. ಅರ್ಥಕ್ಕ ಒಡೀವಾಗ ಬ್ಯಾರೆ: ಕೋಲಿ, ಸಿಸ್ಟ್, ಎಕ್, ಟಮಿ. ಪಿತ್ತ, ಚೀಲ, ಹೊರಗ, ಕೊಯ್ಯೂದು. ಟೆಕ್ ಅನ್ನೂದರಾಗಿನ 'ಟ' ಐತೆಲ್ಲ, ಅದು ಖರೇ ಅಂದ್ರ ಚೀಲಕ್ಕ ಸೇರಿದ್ದು, ನಾಲಿಗಿ ಅದನ್ನ ಮುಂದಿನ ತುಂಡಿಗೆ ಹಚ್ಚತೈತಿ. ಎಲ್ಲಿ, ಹೇಳ್ರಿ ನೋಡೋಣ."

ನಾನು ಹೇಳಿದೆ. ತಪ್ಪಾಯಿತು. ಮತ್ತೆ ಹೇಳಿದೆ. ಬಾಗಿಲ ಹೊರಗೆ ಕಾಯುತ್ತಿದ್ದ ರೋಗಿಗಳೂ ನನ್ನ ಜೊತೆ ಶುರುಮಾಡಿದರು. ಏಳನೆಯ ಸಲಕ್ಕೆ ಕೆಮ್ಮಿನ ಅಜ್ಜಿಯೊಬ್ಬರು ನನಗಿಂತ ಮೊದಲು ಸರಿಯಾಗಿ ಹೇಳಿಬಿಟ್ಟರು! "ಮಾಸ್ತರಂತ, ಮಾಸ್ತರ" ಎಂದು ಸೆರಗಿನಲ್ಲಿ ನಕ್ಕರು. ನಾನು ಕೈ ಮುಗಿದು ಹೊರಬಿದ್ದೆ.

ಹೆಂಡತಿಯನ್ನು ಕರೆದುಕೊಂಡು ಬ್ಯಾಡಗಿಗೆ ಹೋದಾಗ ಮಧ್ಯಾಹ್ನ. ಮಾವನವರು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಇಳಿದುಹೋಗಿದ್ದರು. ಹೆಂಡತಿ ಅಡುಗೆಮನೆಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ನಾನು ಎದುರು ಕುಳಿತೆ. ಬೆವರು ಧಾರಾಕಾರ ಸುರಿಯುತ್ತಿತ್ತು.

"ನಾ ಸುಳ್ಳು ಹೇಳಿದ್ದೇರಿ ಮಾವಾರ. ನನಗ ಗೊತ್ತಿರಲಿಲ್ಲ. ಎಕ್ ಅಂದ್ರ ಹೊರಗರಿ, ಟಮಿ ಅಂದ್ರ ಕೊಯ್ಯೂದು. ಚೀಲಾನ ಕೊಯ್ದು ಹೊರಗ ತಗೀತಾರ. ಬರದುಕೊಂಡು ಬಂದೇನ್ರಿ."

ನನ್ನ ಕಾಗದವನ್ನು ಅವರು ಮುಟ್ಟಲಿಲ್ಲ. ನನ್ನ ಹಣೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ ನಿಘಂಟು ತಂದು ನಮ್ಮಿಬ್ಬರ ನಡುವೆ ಇಟ್ಟರು. ಅಡಿಕೆ ಕತ್ತರಿಸುವ ಅಡಕೊತ್ತನ್ನೂ ತಂದರು.

"ಕಾಗದ ಬ್ಯಾಡ. ಅಚ್ಚಾಗಿದ್ದನ್ನ ನೋಡೋಣ. ಎಕ್ಟಮಿ ಈ ಹೊಲಿಗಿ ಒಳಗ ಐತಿ." ಅಡಕೊತ್ತನ್ನು ಸುತಳಿಗೆ ಹಚ್ಚಿದರು, ಆದರೆ ಒತ್ತಲಿಲ್ಲ. "ಅದರ ಜೋಡಿ ಇನ್ನೊಂದೂ ಐತ್ರಿ. ಅದ ಹಾಳ್ಯಾಗ, ಎರಡು ಬೊಟ್ಟು ಮ್ಯಾಲೆ."

ನಾನು ನನ್ನ ಕಾಗದವನ್ನು ಮಡಚಿ ಜೇಬಿಗಿಟ್ಟೆ.

"ಈಕಿ ಹುಟ್ಟಿದ ದಿನ ಡಾಕ್ಟರು ನನಗ ಈಕಿ ಅವ್ವನ ರೋಗದ ಹೆಸರು ಹೇಳಿದ್ರು. ಪಾಪ, ಒಳ್ಳೇರು, ಮೂರು ಸಲ ಹೇಳಿದ್ರು. ಕಾಗದದ ಮ್ಯಾಲೂ ಬರದು ಕೊಟ್ರು. ನನ್ನ ಬಾಯಿಗೆ ಬರಲಿಲ್ಲ. ಮನೀಗೆ ಬಂದ ಮ್ಯಾಲೆ ಜನ ಕೇಳಿದ್ರು, ಏನಾಗಿ ಹೋದ್ಲು? ಚಲೋ ಇದ್ಲಲ್ಲ, ಏನಾತು? ಹೇಳಾಕ ನನ್ನ ಹತ್ರ ಒಂದು ಹೆಸರ ಇರಲಿಲ್ರಿ. ಹೆಸರಿಲ್ಲಂದ್ರ ಜನ ಸುಮ್ನ ಬಿಡ್ತಾರೇನು? ಅವರ ಒಂದು ಹೆಸರು ಇಟ್ರು. ಕೂಸಿನ ಕಾಲ್ಗುಣ ಅಂದ್ರು."

ಅಡುಗೆಮನೆಯಲ್ಲಿ ಹಿಟ್ಟು ನಾದುವ ಸದ್ದು ನಿಂತಿತು.

"ಆವತ್ತ ಆ ಹೆಸರು ಬಾಯಿಗೆ ಬಂದಿದ್ರ ಅವರ ಬಾಯಿ ಮುಚ್ಚಸ್ತಿದ್ದೆ. ಅದಕ್ಕ ಆಮ್ಯಾಲೆ ಯಾವ ಹೆಸರೂ ಬಿಡಲಿಲ್ಲ, ಕಲ್ಕೊಂಡೆ. ಆದ್ರ ಆ ಒಂದು ಹೆಸರು ಒಡೀಲಿಲ್ರಿ. ಬುಕ್ ಸಿಕ್ಕ ದಿನಾನ ಆ ಹಾಳಿ ತೆರದು, ಹೆಸರಷ್ಟ ನೋಡಿ, ಅರ್ಥ ಓದದ ಹೊಲದುಬಿಟ್ಟೆ. ಒಡದು ನೋಡಿದಾಗ ಒಂದು ತುಂಡಿನಾಗ 'ಕೂಸು' ಅಂತ ಬರದಿದ್ರ? ಜನ ಅಂದಿದ್ದ ಖರೇ ಆದ್ರ? ನಾ ಈಕಿ ಮುಖ ಹೆಂಗ ನೋಡ್ಲಿ?" ಅವರು ಸುತಳಿಯ ಗಂಟಿನ ಮೇಲೆ ಬೆರಳಾಡಿಸಿದರು. "ನಾಳೆ ಟೇಬಲ್ ಮ್ಯಾಲೆ ನನಗೇನರ ಆದ್ರ ಇದು ಹಂಗ ಉಳೀತೈತಿ. ಹೊಲಿಗಿ ಬಿಚ್ಚತೇನಿ. ನೀವ ಓದ್ರಿ. ಏನಿದ್ರೂ ಇದ್ದಂಗ ಹೇಳ್ರಿ ಮಾಸ್ತರ. ತೊಳದು ಹೇಳಬ್ಯಾಡ್ರಿ."

ಸುತಳಿ ಕತ್ತರಿಸಿದರು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸಿದೆ. ಎಕ್ಟಮಿ ಸಿಕ್ಕಿತು: ಹೊರಗೆ, ಕೊಯ್ಯುವುದು. ಮಾವನವರು ತಲೆಯಾಡಿಸಿದರು. ನನ್ನ ಬೆರಳು ಎರಡು ಬೊಟ್ಟು ಮೇಲೆ ಸರಿಯಿತು. 'ಎಕ್ಲಾಂಪ್ಸಿಯಾ.' ಇಲ್ಲಿ ಬರೆದಿರಬಾರದ್ದು ಬರೆದಿದ್ದರೆ ನಾನು ಏನು ಓದುತ್ತಿದ್ದೆನೋ, ಈಗಲೂ ಹೇಳಲಾರೆ.

"ಎಕ್ ಅಂದ್ರ ಹೊರಗ" ಎಂದೆ.

"ಹೂಂ. ಅದು ಎಕ್ಟಮ್ಯಾಗ ಬಂದಿದ್ದ."

"ಲಾಂಪ್ ಅಂದ್ರ ಹೊಳಿಯೂದು. ದೀಪದ ಲ್ಯಾಂಪ್ ಐತೆಲ್ರಿ, ಅದೂ ಇದ ಬೇರಿಂದ. ಥಟ್ಟನೆ ಹೊಳೆದು ಹೊರಬೀಳೂದು, ಮಿಂಚಿನಂಗ, ಅಂತ ಬರದಾರ."

ಮಾವನವರು ಮೇಲಿನ ಜಂತಿ ನೋಡುತ್ತ ಕುಳಿತರು. "ಆವತ್ತ ಮುಂಜಾನೆ ಅಂದಿದ್ಲು" ಎಂದರು. "ಕಣ್ಣ ಮುಂದ ಮಿಂಚು ಹೊಡದಂಗ ಆಗಾಕತ್ತೈತ್ರಿ ಅಂತ. ಬಿಸಲಿಗೆ ಇರಬೇಕು ಅಂತ ನಾ ಅಂದೆ. ಮಾಲು ಖರೇ ಐತಿ. ಮುಂದ ಓದ್ರಿ. ಕೂಸು ಎಲ್ಲಿ ಐತಿ?"

"ಇಲ್ರಿ."

"ಕಡೀಕ? ತೊಟ್ಟಿನಾಗ?"

"ಕಡೀ 'ಸಿಯಾ' ಬರೇ ತೊಟ್ಟರಿ, ಅದಕ್ಕ ಅರ್ಥ ಇಲ್ಲ. ಕೆಳಗ ಯಾಕ ಬರತೈತಿ ಅಂತ ಬರದಾರ. ಬಸರಿದ್ದಾಗ ರಕ್ತದ ಒತ್ತಡ ಏರಿ ಫಿಟ್ಸ್ ಬರೂದು ಅಂತ. ಕೂಸಿನ ಮ್ಯಾಲೆ ಏನೂ ಹಾಕಿಲ್ರಿ."

ಅವರು ನನ್ನ ಹಣೆ ನೋಡಿದರು. ಬೆವರು ಮೂಗಿನ ತುದಿಯಿಂದ ಆ ಪುಟದ ಮೇಲೆ ಬೀಳುತ್ತಿತ್ತು. ಆಮೇಲೆ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿದರು. ಅಲ್ಲಿ ನನ್ನ ಹೆಂಡತಿ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು.

"ತಂಗೀ, ಬಾ ಇಲ್ಲೆ. ನೋಡು. ನಿನ್ನ ಹೆಸರಿಲ್ಲವ್ವ ಇದರಾಗ. ಎಲ್ಲಾ ತುಂಡೂ ನೋಡಿದ್ವಿ. ನಿನ್ನ ಹೆಸರು ಎಲ್ಲೂ ಇಲ್ಲ."

ಅವಳು ಆ ಹಿಟ್ಟಿನ ಕೈಯಿಂದಲೇ ಅಪ್ಪನ ತಲೆಯನ್ನು ಅಪ್ಪಿಕೊಂಡಳು. ನಾನು ಎದ್ದು ಅಂಗಳಕ್ಕೆ ಹೋಗಿ ಜೋರಾಗಿ ಸೀನಿದೆ. ಬ್ಯಾಡಗಿಯಲ್ಲಿ ಅಳಿಯಂದಿರು ಅಳುವುದಕ್ಕೆ ಇದೊಂದು ಅನುಕೂಲವಿದೆ. ಅಲ್ಲಿ ನಿಂತಾಗಲೇ ನನ್ನ ದಡ್ಡ ತಲೆಗೆ ಹೊಳೆಯಿತು. ಹನ್ನೆರಡು ವರ್ಷ ಅವಳು ನನ್ನನ್ನು ಮುಂದೆ ತಳ್ಳಿದ್ದು ಗಂಡನೆಂಬ ಮರ್ಯಾದೆಗೆ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋದೆವು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾವನವರು "ಕೋ-ಲಿ-ಸಿಸ್-ಟೆಕ್-ಟ-ಮಿ" ಎಂದು ಒಮ್ಮೆ ಹೇಳಿಕೊಂಡರು, ಒಂದಕ್ಷರ ತಪ್ಪಿಲ್ಲದೆ. ನಾನು ಚೀಲ ಹೆಗಲಿಗೇರಿಸಿ, ಅಭ್ಯಾಸದಂತೆ ಮುಂದೆ ಹೋಗಲು ಬಾಗಿಲ ಹತ್ತಿರ ಬಂದೆ. ಬೆನ್ನ ಮೇಲೆ ಅವಳ ಕೈ ಬೀಳುತ್ತದೆಂದು ಕಾದೆ.

ಬೀಳಲಿಲ್ಲ. ನನ್ನ ಪಕ್ಕದಿಂದ ದಾಟಿ, ಅಪ್ಪನ ಕೈ ಹಿಡಿದುಕೊಂಡು, ಅವಳೇ ಮೊದಲು ಬಲಗಾಲು ಒಳಗಿಟ್ಟಳು.